ಕಡಲಾಚೆಯ ಗಂಜಿ: ಫಿಲಿಪ್ಪೀನ್ಸಿನ ಲುಗಾವ್ ನಮ್ಮ ಒಲೆಯ ಮೇಲೆ

(ನಮ್ಮ ಕನ್ನಡ ಕಾರ್ಯಕ್ರಮದ 'ಅಡುಗೆಮನೆಯ ಮಾತು' ವಿಭಾಗದಲ್ಲಿ ಮುಂಬಯಿಯ ಶ್ರೋತೃ ಗೃಹಿಣಿಯೊಬ್ಬರು ನೀಡಿದ ಭಾಷಣದ ಪೂರ್ಣ ಪಾಠ. ಅಳತೆಗಳನ್ನು ಬರೆದುಕೊಳ್ಳಲು ಆಗಲಿಲ್ಲ ಎಂದವರಿಗಾಗಿ ಇಲ್ಲಿ ಅಚ್ಚು ಮಾಡಿದ್ದೇವೆ.)



ಇವತ್ತು ನಾನು ನಿಮಗೆ ಗಂಜಿ ಮಾಡುವುದನ್ನು ಹೇಳಿಕೊಡಲು ಬಂದಿದ್ದೇನೆ. ನಗಬೇಡಿ. ಗಂಜಿ ಮಾಡುವುದನ್ನೂ ಹೇಳಿಕೊಡಬೇಕೆ, ಅಕ್ಕಿ ನೀರು ಒಲೆ ಮೂರಿದ್ದರೆ ಸಾಲದೇ ಎಂದು ನೀವು ಕೇಳಬಹುದು. ಐದಾರು ವರ್ಷಗಳ ಹಿಂದೆ ನಾನೂ ಹಾಗೆಯೇ ಕೇಳಿದ್ದೆ. ನಾನು ಕುಂದಾಪುರದ ಕಡೆಯವಳು. ಕುಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ, ಸುಟ್ಟ ಒಣಮೀನು ಇವುಗಳ ನಡುವೆಯೇ ಬೆಳೆದವಳು. ಮದುವೆಯಾಗಿ ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ನಮ್ಮ ಮನೆಯಲ್ಲಿ ವಾರಕ್ಕೆರಡು ದಿನ ಗಂಜಿ ಆಗಲೇಬೇಕು. ಅಂಥವಳಿಗೆ ಗಂಜಿಯ ಪಾಠ ಹೇಳಿಕೊಟ್ಟವನು ಫಿಲಿಪ್ಪೀನ್ಸ್ ದೇಶದ ಒಬ್ಬ ಹಡಗಿನ ಅಡುಗೆಯವನು. ಅವನನ್ನು ನಾನು ಇದುವರೆಗೆ ಕಂಡಿಲ್ಲ. ಅವನ ಗಂಜಿಯ ಕಥೆಯನ್ನೂ ಅದನ್ನು ಮಾಡುವ ಕ್ರಮವನ್ನೂ ಇವತ್ತು ಒಟ್ಟಿಗೇ ಹೇಳುತ್ತೇನೆ.

ಮೊದಲು ಹೆಸರು ತಿಳಿದುಕೊಳ್ಳೋಣ. ಫಿಲಿಪ್ಪೀನ್ಸಿನಲ್ಲಿ ಅಕ್ಕಿಯ ಗಂಜಿಗೆ ಸಾಮಾನ್ಯ ಹೆಸರು ಲುಗಾವ್. ಅದಕ್ಕೆ ಕೋಳಿಮಾಂಸ, ಧಾರಾಳ ಶುಂಠಿ ಸೇರಿದರೆ ಅರ್ರೋಸ್ ಕಾಲ್ದೊ ಎನ್ನುತ್ತಾರೆ. ದನದ ಹೊಟ್ಟೆಯ ಭಾಗ ಹಾಕಿದರೆ ಅದು ಗೋತೊ. ಸೆಬು ಮೊದಲಾದ ನಡುವಿನ ದ್ವೀಪಗಳಲ್ಲಿ ಕೋಳಿ ಹಾಕಿದ ಗಂಜಿಗೆ ಪೋಸ್ಪಸ್ ಎಂಬ ಹೆಸರೂ ಉಂಟು. ಸುತ್ತಲೂ ಸಮುದ್ರವಿರುವ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ನಾಡು ಅದು. ಹೀಗಾಗಿ ಸಿಗಡಿ, ಬೊಂಡಾಸು, ಮೀನು, ಚಿಪ್ಪಿನ ಜೀವಿಗಳನ್ನು ಹಾಕಿ ಮಾಡುವ ಲುಗಾವ್ ಕೂಡ ಅಲ್ಲಿ ಸಹಜವೇ. ನಾನಿವತ್ತು ಹೇಳುವುದು ಈ ಕೊನೆಯ ಬಗೆಯನ್ನು.

ಅರ್ರೋಸ್ ಕಾಲ್ದೊ ಎಂಬುದು ಸ್ಪ್ಯಾನಿಷ್ ಮಾತು. ಅರ್ರೋಸ್ ಎಂದರೆ ಅಕ್ಕಿ, ಕಾಲ್ದೊ ಎಂದರೆ ಸಾರು. ಆದರೆ ಅಡುಗೆ ಸ್ಪೇನಿನದಲ್ಲ. ಗಂಜಿಯನ್ನು ಈ ರೂಪದಲ್ಲಿ ಅಲ್ಲಿಗೆ ತಂದವರು ಚೀನಾದಿಂದ ಬಂದ ವ್ಯಾಪಾರಿಗಳು, ವಲಸಿಗರು. ಮನಿಲಾದ ಬಿನೊಂಡೊ ಎಂಬ ಚೀನೀ ಕೇರಿ 1594ರಲ್ಲಿ ನೆಲೆಗೊಂಡಿತು. ಅದನ್ನು ಜಗತ್ತಿನ ಅತ್ಯಂತ ಹಳೆಯ ಚೀನೀ ಪೇಟೆ ಎನ್ನುತ್ತಾರೆ. 1565ರಿಂದ 1898ರವರೆಗೆ ಆ ದೇಶವನ್ನಾಳಿದ ಸ್ಪೇನಿನವರು ಚೀನೀಯರ ಊಟದ ಮನೆಗಳಿಗೆ ಹೋಗುತ್ತಿದ್ದರು. ಅವರ ನಾಲಿಗೆಗೆ ಸುಲಭವಾಗಲೆಂದು ತಿಂಡಿಗಳಿಗೆ ಸ್ಪ್ಯಾನಿಷ್ ಹೆಸರು ಬಂತು ಎಂದು ಹೇಳುತ್ತಾರೆ. ಹೀಗೆ ಅಡುಗೆ ಚೀನಾದ್ದು, ಹೆಸರು ಸ್ಪೇನಿನದು, ರುಚಿ ಮಾತ್ರ ಪೂರ್ತಿಯಾಗಿ ಫಿಲಿಪ್ಪೀನ್ಸಿನದು.

ನಮ್ಮ ಪಾಲೂ ಸ್ವಲ್ಪ ಇದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಆ ಗಂಜಿಗೆ ಹಳದಿ ಬಣ್ಣ ಬರಲು ಅವರು ಒಂದು ಒಣಗಿದ ಹೂವಿನ ಎಸಳು ಹಾಕುತ್ತಾರೆ. ಅದರ ಹೆಸರು ಕಸುಬ್ಹಾ. ಎಲ್ಲಿಯೋ ಕೇಳಿದ ಹಾಗಿದೆಯಲ್ಲ? ಹೌದು, ಅದು ನಮ್ಮ ಕುಸುಬೆ! ಸಂಸ್ಕೃತದ ಕುಸುಂಭ ಶಬ್ದ ಮಲಯ ಭಾಷೆಯ ಮೂಲಕ ಅಲ್ಲಿಗೆ ಹೋಗಿ ಕಸುಬ್ಹಾ ಆಯಿತು. ನಮ್ಮಲ್ಲಿ ಕಲಬುರ್ಗಿ, ವಿಜಯಪುರ, ಧಾರವಾಡದ ಕಡೆಯವರು ಕುಸುಬೆ ಎಣ್ಣೆ ಕಂಡವರು. ಅದೇ ಗಿಡದ ಹೂವು ಮನಿಲಾದ ಗಂಜಿಯ ಮೇಲೆ ಕೂತಿದೆ. ಅವರ ಭಾಷೆಯಲ್ಲಿ ಮೇಷ್ಟರಿಗೆ ಗುರೋ ಎನ್ನುತ್ತಾರೆ, ಮುಖಕ್ಕೆ ಮುಖಾ, ಭರವಸೆಗೆ ಆಸಾ. ದೂರದ ನಂಟಸ್ತಿಕೆ ಎಂದರೆ ಇದೇ ಅಲ್ಲವೇ?

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆಯವರು ಸರಕು ಹಡಗಿನ ಎಂಜಿನ್ ವಿಭಾಗದಲ್ಲಿ ಕೆಲಸ ಮಾಡುವವರು. ಜಗತ್ತಿನ ಹಡಗುಗಳಿಗೆ ನಾವಿಕರನ್ನು ಒದಗಿಸುವ ದೇಶಗಳಲ್ಲಿ ಫಿಲಿಪ್ಪೀನ್ಸ್ ಮತ್ತು ಭಾರತ ಎರಡೂ ಮುಂಚೂಣಿಯಲ್ಲಿವೆ. ಹಾಗಾಗಿ ಕರಾವಳಿಯ ಹುಡುಗರು ಎಷ್ಟೋ ಹಡಗುಗಳಲ್ಲಿ ಫಿಲಿಪ್ಪೀನ್ಸಿನವರ ಜೊತೆಗೇ ದುಡಿಯುತ್ತಾರೆ, ಅವರು ಬೇಯಿಸಿದ್ದನ್ನೇ ಉಣ್ಣುತ್ತಾರೆ. ನಮ್ಮವರು 2019ರ ಅಕ್ಟೋಬರಿನಲ್ಲಿ ಒಂಬತ್ತು ತಿಂಗಳ ಕರಾರಿನ ಮೇಲೆ ಹಡಗು ಹತ್ತಿದರು. 2020ರ ಜುಲೈಯಲ್ಲಿ ಮನೆಗೆ ಬರಬೇಕಾಗಿತ್ತು. ಅಷ್ಟರಲ್ಲಿ ಕೊರೋನಾ ಬಂತು. ಬಂದರುಗಳು ನಾವಿಕರನ್ನು ಇಳಿಸಲಿಲ್ಲ, ವಿಮಾನಗಳು ಹಾರಲಿಲ್ಲ. ಆ ವರ್ಷದ ಕೊನೆಗೆ ಸುಮಾರು ನಾಲ್ಕು ಲಕ್ಷ ನಾವಿಕರು ಕರಾರು ಮುಗಿದರೂ ಹಡಗುಗಳಲ್ಲೇ ಸಿಕ್ಕಿಕೊಂಡಿದ್ದರೆಂದು ಅಂತಾರಾಷ್ಟ್ರೀಯ ಸಾಗರಯಾನ ಸಂಸ್ಥೆಯೇ ಹೇಳಿತು. ಆ ನಾಲ್ಕು ಲಕ್ಷದಲ್ಲಿ ನಮ್ಮವರೂ ಒಬ್ಬರು.

ಅದೇ ಜುಲೈಯಲ್ಲಿ ಊರಿನಲ್ಲಿ ನಮ್ಮ ಅತ್ತೆ ತೀರಿಕೊಂಡರು.

ಸುದ್ದಿ ಮುಟ್ಟಿದಾಗ ಹಡಗು ನಡುಸಮುದ್ರದಲ್ಲಿತ್ತು. ಕ್ರಿಯೆಗಳನ್ನೆಲ್ಲ ಮೈದುನ ಮಾಡಿದ. ಫೋನಿನಲ್ಲಿ ಎರಡು ನಿಮಿಷ ಮಾತನಾಡಿದರೆ ಲೈನು ಕಡಿದುಹೋಗುತ್ತಿತ್ತು. ನಾನು "ಊಟ ಮಾಡ್ತಿದ್ದೀರಾ?" ಎಂದು ಕೇಳುವುದು, ಅವರು "ಹ್ಞೂಂ" ಎನ್ನುವುದು, ಅಷ್ಟೇ ನಮ್ಮ ಮಾತು. ಅವರು ಮನೆಗೆ ಬಂದದ್ದು ಡಿಸೆಂಬರಿನಲ್ಲಿ, ಹದಿನಾಲ್ಕು ತಿಂಗಳ ಮೇಲೆ.

ಬಂದವರಿಗೆ ಮೊದಲ ದಿನ ಏನು ಮಾಡಲಿ ಎಂದು ಬಹಳ ಯೋಚಿಸಿ, ಅತ್ತೆ ಮಾಡುತ್ತಿದ್ದ ಹಾಗೆಯೇ ಕುಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ ಮಾಡಿದೆ. ಬಟ್ಟಲು ನೋಡಿ ಎರಡು ತುತ್ತು ತಿಂದು ಬದಿಗಿಟ್ಟರು. ಮಾರನೆಯ ದಿನವೂ ಹಾಗೆಯೇ. ಮೂರನೆಯ ದಿನ, "ಹಡಗಿನಲ್ಲಿ ಒಂದು ಗಂಜಿ ಮಾಡ್ತಿದ್ರು, ಲುಗಾವ್ ಅಂತ. ನಿಂಗೆ ಮಾಡ್ಲಿಕ್ಕಾಗ್ತದಾ?" ಎಂದರು. ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಅಳುವೂ ಬಂತು. ಹದಿನಾಲ್ಕು ತಿಂಗಳು ಕಾದು ಮಾಡಿದ ಮನೆಯ ಗಂಜಿ ಬೇಡ, ಯಾರೋ ಹೊರದೇಶದವನು ಮಾಡಿದ ಗಂಜಿ ಬೇಕು! "ಹಾಗಾದರೆ ಆ ಹಡಗಿಗೇ ಹೋಗಿ" ಎಂದೂ ಅಂದುಬಿಟ್ಟೆ.

ಆಮೇಲೆ ಅವರು ನಿಧಾನವಾಗಿ ಹೇಳಿದರು. ಅಮ್ಮನ ಸುದ್ದಿ ಬಂದ ಮೇಲೆ ಹದಿಮೂರು ದಿನ ಮೀನು ಮಾಂಸ ಮುಟ್ಟಬಾರದೆಂದು ಅವರು ನಿಶ್ಚಯಿಸಿದ್ದರಂತೆ. ಹಡಗಿನ ಅಡುಗೆಕೋಣೆಯಲ್ಲಿ ಎರಡು ಹೊತ್ತೂ ಮಾಂಸ. ಯಾರಿಗೂ ಹೇಳದೆ ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡಿದ್ದರು. ಎರಡನೆಯ ದಿನ ರಾತ್ರಿ ಅಡುಗೆಯವನು ಇವರ ಕೋಣೆಗೇ ಬಂದು, ತಟ್ಟೆ ಹಾಗೆಯೇ ಹಿಂದೆ ಬರುತ್ತಿದೆಯಲ್ಲ, ಏಕೆ ಎಂದು ಕೇಳಿದ. ಇವರು ವಿಷಯ ಹೇಳಿದರು. ಅರ್ಧ ಗಂಟೆಯಲ್ಲಿ ಒಂದು ಬಟ್ಟಲು ಬಿಸಿ ಗಂಜಿ ಬಂತು. ಅಕ್ಕಿ, ನೀರು, ಶುಂಠಿ, ಉಪ್ಪು, ಮೇಲೆ ಒಂದಿಷ್ಟು ಹುರಿದ ಬೆಳ್ಳುಳ್ಳಿ, ಅಷ್ಟೆ. ಅವರ ಕಡೆ ಗಂಜಿಗೆ ಉಪ್ಪಿನ ಬದಲು ಪತಿಸ್ ಎಂಬ ಮೀನಿನ ರಸ ಹಾಕುವುದು ರೂಢಿ. ಅದು ಮೀನಿನದಲ್ಲವೇ ಎಂದು ಅದನ್ನೂ ಬಿಟ್ಟಿದ್ದ. ದಿನಾ ರಾತ್ರಿ ಅದೇ ಬಟ್ಟಲು ಬಂತು. ಹದಿನಾಲ್ಕನೆಯ ದಿನ ಬಂದ ಬಟ್ಟಲಿನಲ್ಲಿ ಮೇಲೆ ನಾಲ್ಕು ಸಿಗಡಿ ಇಟ್ಟಿದ್ದವು. ಇವರು ಹೇಳಿರಲಿಲ್ಲ. ಅವನೇ ದಿನ ಎಣಿಸಿದ್ದ.

"ಅಮ್ಮನ ಗಂಜಿ ಉಂಡರೆ ಅಮ್ಮ ಇಲ್ಲ ಅಂತ ನೆನಪಾಗ್ತದೆ. ಅದಕ್ಕೇ ಗಂಟಲಲ್ಲಿ ಇಳಿಯುವುದಿಲ್ಲ" ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮರುದಿನವೇ ಪೇಟೆಗೆ ಹೋಗಿ ಸಿಗಡಿ ತಂದೆ.

ಮೊದಲ ಸಲ ಪೂರ್ತಿ ಕೆಟ್ಟಿತು ಎಂಬುದನ್ನು ಹೇಳಿಬಿಡುತ್ತೇನೆ. ಕುಚಲಕ್ಕಿ ಹಾಕಿದೆ, ಒಂದೂವರೆ ಗಂಟೆ ಬೇಯಿಸಿದರೂ ಅಗಳು ಕರಗಲಿಲ್ಲ. ಸಿಗಡಿಯನ್ನು ಅಕ್ಕಿಯ ಜೊತೆಗೇ ಹಾಕಿದ್ದೆ, ಅದು ರಬ್ಬರಿನ ಹಾಗಾಯಿತು. ಬೆಳ್ಳುಳ್ಳಿ ಕರಕಲಾಗಿ ಗಂಜಿ ಪೂರ್ತಿ ಕಹಿ. ಅವರು ಮಾತನಾಡದೆ ಉಂಡು, "ಹೀಗಲ್ಲ ಮಾರಾಯ್ತಿ" ಎಂದು ನಕ್ಕರು. ಆರು ತಿಂಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲೇನೋ. ಆಮೇಲೆ ಆ ಅಡುಗೆಯವನಿಗೇ ಫೋನಿನಲ್ಲಿ ಸಂದೇಶ ಕಳುಹಿಸಿದರು. ಅವನು ಸೆಬು ದ್ವೀಪದವನು. ಮುರುಕು ಇಂಗ್ಲಿಷಿನಲ್ಲಿ ಒಂದೊಂದೇ ತಪ್ಪು ಕೇಳಿ ತಿಳಿದು ತಿದ್ದಿದ. ನಾಲ್ಕನೆಯ ಸಲಕ್ಕೆ ಸರಿಬಂತು. ಆ ತಿದ್ದುಪಡಿಗಳ ಸಮೇತ ಈಗ ಹೇಳುತ್ತೇನೆ. ಕಾಗದ ಪೆನ್ನು ತೆಗೆದುಕೊಳ್ಳಿ.

ನಾಲ್ಕು ಜನಕ್ಕೆ ಲೆಕ್ಕ. ಲೋಟ ಎಂದರೆ 200 ಮಿಲಿಲೀಟರ್ ಹಿಡಿಯುವ ಲೋಟ.

ಅಕ್ಕಿ ಒಂದು ಲೋಟ. ಇದು ಬೆಳ್ತಿಗೆ ಅಕ್ಕಿಯೇ ಆಗಬೇಕು. ಕುಚಲಕ್ಕಿಯನ್ನು ಭತ್ತದಲ್ಲಿರುವಾಗಲೇ ಬೇಯಿಸಿ ಒಣಗಿಸಿರುತ್ತಾರೆ, ಅದರಿಂದ ಅಗಳು ಗಟ್ಟಿಯಾಗಿ ಬೇಗ ಒಡೆಯುವುದಿಲ್ಲ. ನಮ್ಮ ಗಂಜಿಗೆ ಆ ಗುಣವೇ ಚೆಂದ, ಲುಗಾವ್‌ಗೆ ಅಲ್ಲ. ಫಿಲಿಪ್ಪೀನ್ಸಿನವರು ಸಾಮಾನ್ಯ ಅಕ್ಕಿಗೆ ಮಲಗ್ಕಿತ್ ಎಂಬ ಅಂಟು ಅಕ್ಕಿಯನ್ನು ಸ್ವಲ್ಪ ಬೆರೆಸುತ್ತಾರೆ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ ಇದೆ. ಅದರಲ್ಲಿ ಅಮೈಲೋಪೆಕ್ಟಿನ್ ಎಂಬ ಬಗೆ ಹೆಚ್ಚಿದ್ದಷ್ಟೂ ಅನ್ನ ಅಂಟಾಗುತ್ತದೆ, ಗಂಜಿ ರೇಷ್ಮೆಯ ಹಾಗೆ ನುಣುಪಾಗುತ್ತದೆ. ಮುಂಬಯಿ, ಪುಣೆಯವರು ಅಂಟು ಅಕ್ಕಿ ಹುಡುಕಬೇಕಾಗಿಲ್ಲ. ಇಲ್ಲಿಯ ಅಂಬೆಮೋಹರ್ ಗಿಡ್ಡ ಅಗಳಿನ ಅಕ್ಕಿ, ಬೆಂದರೆ ಮೆತ್ತಗೆ, ಪರಿಮಳವೂ ಉಂಟು. ಚೆನ್ನೈ, ಹೈದರಾಬಾದಿನವರು ಸೋನಾ ಮಸೂರಿಯ ನುಚ್ಚು ಬಳಸಿ. ದೆಹಲಿಯವರಿಗೆ ಈಶಾನ್ಯ ರಾಜ್ಯದವರ ಅಂಗಡಿಗಳಲ್ಲಿ ಅಂಟು ಅಕ್ಕಿ ಸಿಗುತ್ತದೆ. ಅದು ಸಿಕ್ಕರೆ ಮುಕ್ಕಾಲು ಲೋಟ ಸಾಮಾನ್ಯ ಅಕ್ಕಿಗೆ ಕಾಲು ಲೋಟ ಸೇರಿಸಿ. ಬಾಸುಮತಿ ಮಾತ್ರ ಬೇಡ.

ಸಿಗಡಿ 300 ಗ್ರಾಂ, ತಲೆ ಸಮೇತ. ಮೀನಿನವಳು ತಲೆ ತೆಗೆದು ಕೊಡುತ್ತೇನೆ ಎಂದರೆ ಬೇಡವೆನ್ನಿ, ರುಚಿಯೆಲ್ಲ ಅದರಲ್ಲೇ ಇದೆ. ಬೊಂಡಾಸು 150 ಗ್ರಾಂ. ಮುಳ್ಳು ಕಡಿಮೆಯಿರುವ ಗಟ್ಟಿ ಮೀನು 200 ಗ್ರಾಂ, ಅಂಜಲ್ ಆದರೆ ಉತ್ತಮ. ಮರುವಾಯಿ, ಅಂದರೆ ಉತ್ತರ ಕನ್ನಡದವರು ಬಳಚು ಎನ್ನುವ ಚಿಪ್ಪು, ಹತ್ತು ಹನ್ನೆರಡು. ಎಲ್ಲವೂ ಇರಲೇಬೇಕೆಂದಿಲ್ಲ. ಸಿಗಡಿ ಒಂದಿದ್ದರೂ ಸಾಕು.

ಪೇಟೆಯಲ್ಲಿ ಕೇಳುವಾಗ ಹೆಸರು ಬೇಕಲ್ಲ? ಸಿಗಡಿಗೆ ಮುಂಬಯಿ ಪುಣೆಯಲ್ಲಿ ಕೋಳಂಬಿ, ಚೆನ್ನೈಯಲ್ಲಿ ಇರಾಲ್, ಹೈದರಾಬಾದಿನಲ್ಲಿ ರೊಯ್ಯಲು, ದೆಹಲಿಯಲ್ಲಿ ಝೀಂಗಾ. ಅಂಜಲ್‌ಗೆ ಮುಂಬಯಿಯಲ್ಲೂ ದೆಹಲಿಯಲ್ಲೂ ಸುರ್ಮಯಿ, ಚೆನ್ನೈ ಹೈದರಾಬಾದಿನಲ್ಲಿ ವಂಜರಂ. ಬೊಂಡಾಸಿಗೆ ಮುಂಬಯಿಯಲ್ಲಿ ಮಾಕುಲ್, ಚೆನ್ನೈಯಲ್ಲಿ ಕಣವಾ. ಮರುವಾಯಿಗೆ ಮುಂಬಯಿಯಲ್ಲಿ ತಿಸ್ರ್ಯಾ. ಮುಂಬಯಿಗೆ ಸಸೂನ್ ಡಾಕ್, ಚೆನ್ನೈಗೆ ಕಾಸಿಮೇಡು, ಪುಣೆಗೆ ಗಣೇಶ ಪೇಟೆ, ಹೈದರಾಬಾದಿಗೆ ರಾಮನಗರ, ದೆಹಲಿಗೆ ಐಎನ್ಎ ಮಾರುಕಟ್ಟೆ ಅಥವಾ ಚಿತ್ತರಂಜನ್ ಪಾರ್ಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಆಗ ತಾಜಾ ಎಂದು ಯಾರೋ ಹೇಳಿದ್ದನ್ನು ನಂಬುವ ಬದಲು ಶೀತಲೀಕರಿಸಿದ ಸಿಗಡಿಯನ್ನೇ ತನ್ನಿ, ಫ್ರಿಜ್ಜಿನೊಳಗೇ ಇಟ್ಟು ನಿಧಾನವಾಗಿ ಕರಗಿಸಿ.

ಉಳಿದದ್ದು: ಶುಂಠಿ ಮೂರು ಅಂಗುಲ, ಬೆಳ್ಳುಳ್ಳಿ ಒಂದು ಇಡೀ ಗೆಡ್ಡೆ, ಈರುಳ್ಳಿ ಒಂದು, ಎಣ್ಣೆ ನಾಲ್ಕು ದೊಡ್ಡ ಚಮಚ, ಒಣಗಿದ ಕುಸುಬೆ ಎಸಳು ಒಂದು ಚಿಕ್ಕ ಚಮಚ. ಎಸಳು ಗ್ರಂಧಿಗೆ ಅಂಗಡಿಯಲ್ಲಿ ಸಿಗದಿದ್ದರೆ ಎರಡು ಚಿಟಿಕೆ ಅರಿಶಿನ. ಈರುಳ್ಳಿ ಸೊಪ್ಪು, ಕಾಳುಮೆಣಸಿನ ಪುಡಿ, ಬೇಯಿಸಿದ ಮೊಟ್ಟೆ ಎರಡು. ಹುಳಿಗೆ ಅವರು ಕಲಮನ್ಸಿ ಎಂಬ ಗೋಲಿಯಷ್ಟು ದೊಡ್ಡ ನಿಂಬೆ ಹಿಂಡುತ್ತಾರೆ, ನಮಗೆ ನಮ್ಮ ನಿಂಬೆಹಣ್ಣೇ ಆದೀತು. ಪತಿಸ್ ಎಂಬುದು ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ ರಸ. ದೊಡ್ಡ ಅಂಗಡಿಗಳಲ್ಲಿ ಫಿಶ್ ಸಾಸ್ ಎಂದು ಸಿಗುವುದು ಅದರ ಜಾತಿಯದೇ. ಸಿಗದಿದ್ದರೆ ಒಂದು ಮುಷ್ಟಿ ಒಣಸಿಗಡಿಯನ್ನು ಹುರಿದು, ಸಾರಿಗೆ ಹಾಕಿ ಕುದಿಸಿ. ಇದು ನನ್ನ ಉಪಾಯ, ಅಡುಗೆಯವನು ಒಪ್ಪಿದ್ದಾನೆ.

ಮೊದಲ ಕೆಲಸ ಸಾರು. ಸಿಗಡಿ ಸುಲಿದು, ಬೆನ್ನಿನ ಕಪ್ಪು ನಾಳ ತೆಗೆದು, ಮಾಂಸವನ್ನು ಫ್ರಿಜ್ಜಿನಲ್ಲಿಡಿ. ತಲೆ ಮತ್ತು ಸಿಪ್ಪೆಯನ್ನು ಒಂದು ಚಮಚ ಎಣ್ಣೆಯಲ್ಲಿ ಮೂರು ನಾಲ್ಕು ನಿಮಿಷ ಹುರಿಯಿರಿ. ಅವು ಕೆಂಪಗಾಗಿ ಘಮ ಬರುತ್ತದೆ. ಆ ಕೆಂಬಣ್ಣ ಸಿಪ್ಪೆಯಲ್ಲಿ ಮೊದಲೇ ಇರುವಂಥದ್ದು, ಶಾಖ ತಗಲಿದಾಗ ಹೊರಗೆ ಕಾಣುತ್ತದೆ. ಹತ್ತು ಲೋಟ ನೀರು ಸುರಿದು ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಚಮಚದಿಂದ ತಲೆಗಳನ್ನು ಒತ್ತಿ, ಸೋಸಿ. ಒಂಬತ್ತು ಲೋಟದಷ್ಟು ಸಾರು ಉಳಿಯುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ರುಚಿ ಕೆಡುತ್ತದೆ.

ಎರಡನೆಯದು ಬೆಳ್ಳುಳ್ಳಿ. ನಾನು ಸೋತದ್ದು ಇಲ್ಲಿಯೇ. ನಮ್ಮ ಒಗ್ಗರಣೆಯ ಅಭ್ಯಾಸದಂತೆ ಕಾದ ಎಣ್ಣೆಗೆ ಹಾಕಿದೆ, ಹೊರಗೆ ಕಪ್ಪು, ಒಳಗೆ ಹಸಿ. ಹಾಗಲ್ಲ. ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿಯನ್ನು ತಣ್ಣಗಿನ ಎಣ್ಣೆಗೇ ಹಾಕಿ, ಆಮೇಲೆ ಒಲೆ ಹಚ್ಚಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. ತಿಳಿ ಹೊಂಬಣ್ಣ ಬಂದ ಕೂಡಲೇ ಜರಡಿಗೆ ಸುರಿದುಬಿಡಿ. ಇನ್ನೂ ಸ್ವಲ್ಪ ಕೆಂಪಾಗಲಿ ಎಂದು ಕಾಯಬೇಡಿ, ಎಣ್ಣೆಯಿಂದ ತೆಗೆದ ಮೇಲೂ ಅದು ಕೆಂಪಾಗುತ್ತಲೇ ಇರುತ್ತದೆ. ಆರಿದ ಮೇಲೆ ಗರಿಗರಿಯಾಗುತ್ತದೆ. ಆ ಎಣ್ಣೆ ಚೆಲ್ಲಬೇಡಿ, ಅದರಲ್ಲೇ ಮುಂದಿನ ಅಡುಗೆ.

ಮೂರನೆಯದು ಗಂಜಿ. ದಪ್ಪ ತಳದ ಪಾತ್ರೆಗೆ ಎರಡು ಚಮಚ ಬೆಳ್ಳುಳ್ಳಿ ಎಣ್ಣೆ ಹಾಕಿ ಈರುಳ್ಳಿ ಬಾಡಿಸಿ. ಎಳೆಎಳೆಯಾಗಿ ಹೆಚ್ಚಿದ ಶುಂಠಿ ಹಾಕಿ. ಶುಂಠಿ ಜಾಸ್ತಿಯಾಯಿತೆಂದು ಹೆದರಬೇಡಿ, ಮೀನಿನ ಹಸಿವಾಸನೆ ಕಳೆಯುವುದು ಅದೇ. ತೊಳೆದು ನೀರು ಬಸಿದ ಅಕ್ಕಿ ಹಾಕಿ ಎರಡು ನಿಮಿಷ ಹುರಿಯಿರಿ. ಬಿಸಿ ಸಾರು ಸುರಿಯಿರಿ. ಒಮ್ಮೆ ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಓರೆ ಮಾಡಿ ನಲವತ್ತು ನಿಮಿಷ ಬೇಯಿಸಿ. ಐದು ನಿಮಿಷಕ್ಕೊಮ್ಮೆ ತಳ ಕೆದಕಿ ತಿರುಗಿಸಬೇಕು, ಮರೆತರೆ ತಳ ಹಿಡಿಯುತ್ತದೆ. ಅಗಳು ಅರಳಿ, ಒಡೆದು, ಗಂಜಿ ಸೌಟಿನಿಂದ ನಿಧಾನವಾಗಿ ಇಳಿಯುವಂತಾದಾಗ, ಬಿಸಿನೀರಿನಲ್ಲಿ ನೆನೆಸಿದ ಕುಸುಬೆ ಎಸಳನ್ನು ನೀರಿನ ಸಮೇತ ಹಾಕಿ. ಪತಿಸ್ ಎರಡು ಚಮಚ ಹಾಕಿ ರುಚಿ ನೋಡಿ, ಆಮೇಲೆ ಬೇಕಾದರೆ ಮಾತ್ರ ಉಪ್ಪು.

ಕೆಲಸಕ್ಕೆ ಹೋಗುವ ಅಕ್ಕ ತಂಗಿಯರು ಇಷ್ಟು ಹೊತ್ತು ಒಲೆಯ ಮುಂದೆ ನಿಲ್ಲಲಾಗದು ಎನ್ನುತ್ತೀರಿ, ಗೊತ್ತು. ಕುಕ್ಕರಿನಲ್ಲಿ ಆಗುತ್ತದೆ. ಒಂದು ಲೋಟ ಅಕ್ಕಿಗೆ ಆರು ಲೋಟ ಸಾರಿಟ್ಟು ನಾಲ್ಕು ಸೀಟಿ, ಆವಿ ತಾನಾಗಿ ಇಳಿದ ಮೇಲೆ ಉಳಿದ ಸಾರು ಬೆರೆಸಿ ಹತ್ತು ನಿಮಿಷ ಕುದಿಸಿ. ಕುಕ್ಕರು ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಗಂಜಿ ಉಕ್ಕಿ ಸೀಟಿಯ ದಾರಿ ಕಟ್ಟಿಕೊಂಡರೆ ಅಪಾಯ.

ನಾಲ್ಕನೆಯದು, ಮುಖ್ಯವಾದದ್ದು, ಮೀನು ಹಾಕುವ ಕ್ರಮ. ಮರುವಾಯಿಯನ್ನು ಮೊದಲೇ ಉಪ್ಪುನೀರಿನಲ್ಲಿ ಒಂದು ಗಂಟೆ ಇಟ್ಟರೆ ಮರಳು ಬಿಡುತ್ತದೆ. ಬಾಯಿ ತೆರೆದಿರುವುದನ್ನು ಬೆರಳಿನಿಂದ ತಟ್ಟಿ ನೋಡಿ, ಮುಚ್ಚಿಕೊಳ್ಳದಿದ್ದರೆ ಅದು ಸತ್ತದ್ದು, ಎಸೆಯಿರಿ. ಬೇರೆ ಪಾತ್ರೆಯಲ್ಲಿ ಅರ್ಧ ಲೋಟ ನೀರಿಟ್ಟು ಬೇಯಿಸಿದರೆ ನಾಲ್ಕೈದು ನಿಮಿಷದಲ್ಲಿ ಬಾಯಿ ತೆರೆಯುತ್ತವೆ. ಬೆಂದರೂ ತೆರೆಯದ್ದನ್ನು ತಿನ್ನಬೇಡಿ. ಆ ನೀರನ್ನು ಬಟ್ಟೆಯಲ್ಲಿ ಸೋಸಿ ಗಂಜಿಗೆ ಸೇರಿಸಿ. ಈಗ ಕುದಿಯುವ ಗಂಜಿಗೆ ಮೊದಲು ಮೀನಿನ ತುಂಡು. ಎರಡು ನಿಮಿಷದ ಮೇಲೆ ಸಿಗಡಿ. ಮತ್ತೆ ಎರಡು ನಿಮಿಷಕ್ಕೆ, ಬಳೆಯಂತೆ ಕತ್ತರಿಸಿದ ಬೊಂಡಾಸು. ಒಂದು ನಿಮಿಷ ಕಳೆದು ಒಲೆ ಆರಿಸಿ, ಮರುವಾಯಿ ಸೇರಿಸಿ, ಮುಚ್ಚಳ ಹಾಕಿ ಎರಡು ನಿಮಿಷ ಬಿಡಿ. ಗಂಜಿಯ ಬಿಸಿಯೇ ಉಳಿದದ್ದನ್ನು ಬೇಯಿಸುತ್ತದೆ. ಸಿಗಡಿ ಒಳಗೂ ಬಿಳಿಯಾಗಿರಬೇಕು, ಗಾಜಿನಂತೆ ಕಂಡರೆ ಇನ್ನೊಂದು ನಿಮಿಷ ಬೇಕು. ಹೆಚ್ಚು ಬೆಂದರೆ ಅದರ ಮಾಂಸ ಸಂಕುಚಿಸಿ ನೀರೆಲ್ಲ ಹೊರಬಂದು ರಬ್ಬರಾಗುತ್ತದೆ. ಹತ್ತಿರವೇ ನಿಂತಿರಿ, ಆ ಐದು ನಿಮಿಷ ಫೋನು ಬಂದರೆ ತೆಗೆಯಬೇಡಿ.

ಬಟ್ಟಲಿಗೆ ಬಡಿಸಿ ಅರ್ಧ ಮೊಟ್ಟೆ, ಈರುಳ್ಳಿ ಸೊಪ್ಪು, ಹುರಿದ ಬೆಳ್ಳುಳ್ಳಿ, ಕಾಳುಮೆಣಸು ಉದುರಿಸಿ. ನಿಂಬೆಯನ್ನು ಪಾತ್ರೆಗೆ ಹಿಂಡಬೇಡಿ, ಉಣ್ಣುವವರೇ ತಮ್ಮ ಬಟ್ಟಲಿಗೆ ಹಿಂಡಿಕೊಳ್ಳಲಿ. ನಮ್ಮ ಗಂಜಿಗೂ ಅವರ ಗಂಜಿಗೂ ವ್ಯತ್ಯಾಸ ಇಲ್ಲಿದೆ. ನಾವು ಗಂಜಿಯನ್ನು ಸಪ್ಪೆಯಾಗಿಟ್ಟು ರುಚಿಯನ್ನು ಬದಿಯಲ್ಲಿ ಉಪ್ಪಿನಕಾಯಿ, ಚಟ್ನಿಯಾಗಿ ಇಟ್ಟುಕೊಳ್ಳುತ್ತೇವೆ. ಅವರು ಎಲ್ಲವನ್ನೂ ಬಟ್ಟಲೊಳಗೇ ತರುತ್ತಾರೆ.

ಶಾಕಾಹಾರಿಗಳು ಬೇಸರಿಸಬೇಡಿ. ಹಡಗಿನಲ್ಲಿ ಹದಿಮೂರು ದಿನ ನಡೆದ ಗಂಜಿ ನಿಮ್ಮದೇ. ಸಾರಿನ ಬದಲು ನೀರು, ಪತಿಸ್ ಬದಲು ಉಪ್ಪು, ಉಳಿದದ್ದೆಲ್ಲ ಹಾಗೆಯೇ. ಲುಗಾವ್ ಜೊತೆ ಹುರಿದ ತೋಫು ತಿನ್ನುವುದು ಅವರಲ್ಲೂ ಇದೆ. ಜ್ವರದಿಂದ ಎದ್ದವರಿಗೆ ಮೊದಲೆರಡು ದಿನ ಈ ಸಾದಾ ಗಂಜಿಯೇ ಸರಿ. ಸಿಗಡಿ, ಚಿಪ್ಪು ತಿಂದರೆ ಮೈ ತುರಿಸುವವರು, ಉಸಿರು ಕಟ್ಟುವವರು ಮೀನಿನ ಬಗೆಯನ್ನು ಮುಟ್ಟಲೇಬಾರದು, ಸಿಪ್ಪೆಯ ಸಾರೂ ಬೇಡ.

ಇನ್ನೊಂದು ಎಚ್ಚರಿಕೆ. ಉಳಿದ ಗಂಜಿಯನ್ನು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡಬೇಡಿ. ಬೆಂದ ಅಕ್ಕಿಯಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ನಾಳೆಗೂ ಬೇಕೆಂದಿದ್ದರೆ ಮೀನು ಹಾಕುವ ಮೊದಲೇ ಅರ್ಧ ಗಂಜಿ ತೆಗೆದಿಡಿ. ಮರುದಿನ ಅದು ಮುದ್ದೆಯಾಗಿರುತ್ತದೆ, ಬಿಸಿನೀರು ಬೆರೆಸಿ ಕುದಿಸಿ, ಆಗ ಹೊಸ ಸಿಗಡಿ ಹಾಕಿದರಾಯಿತು.

ಕೊನೆಯದಾಗಿ ಒಂದು ನಿಜ ಸಂಗತಿ. 2021ರ ಮಾರ್ಚ್ ಕೊನೆಯಲ್ಲಿ ಮನಿಲಾದ ಸುತ್ತ ಮತ್ತೆ ಬಿಗಿ ನಿರ್ಬಂಧವಿತ್ತು. ಬುಲಕಾನ್ ಪ್ರಾಂತದ ಸಾನ್ ಹೋಸೆ ದೆಲ್ ಮೊಂತೆ ಎಂಬಲ್ಲಿ ರಾತ್ರಿ ಲುಗಾವ್ ತಲುಪಿಸಲು ಹೊರಟ ಹುಡುಗನೊಬ್ಬನನ್ನು ಸ್ಥಳೀಯ ಸಿಬ್ಬಂದಿ ತಡೆದರು. ಗಂಜಿ ಅತ್ಯಗತ್ಯ ವಸ್ತುವಲ್ಲ, ಅದಿಲ್ಲದೆಯೂ ಜನ ಬದುಕಬಹುದು ಎಂಬುದು ಅವರ ವಾದ. ಆ ದೃಶ್ಯ ದೇಶವೆಲ್ಲ ಹರಡಿ ಜನ ರೇಗಿದರು, ನಕ್ಕರು. ಕೊನೆಗೆ ಅಧ್ಯಕ್ಷರ ವಕ್ತಾರ ಹ್ಯಾರಿ ರೋಕೆ ಅವರೇ ಲುಗಾವ್ ಅತ್ಯಗತ್ಯ, ಆಹಾರ ಸಾಗಣೆಯನ್ನು ತಡೆಯುವಂತಿಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. ನಮ್ಮಲ್ಲಿ ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ ಎಂದು ಗಾದೆಯಿದೆ, ಗಂಜಿ ಅಂಬಲಿ ಎಂದರೆ ಬಡತನ ಎಂಬ ಅರ್ಥದಲ್ಲಿ. ಆದರೆ ನೆರೆ ಬಂದಾಗ, ಬರ ಬಿದ್ದಾಗ ಊರಿನಲ್ಲಿ ನಾವು ತೆರೆಯುವುದು ಏನನ್ನು? ಗಂಜಿ ಕೇಂದ್ರವನ್ನು. ಚಂಡಮಾರುತ ಬಡಿದಾಗ ಅಲ್ಲಿಯೂ ದೊಡ್ಡ ಹಂಡೆಗಳಲ್ಲಿ ಮೊದಲು ಬೇಯುವುದು ಲುಗಾವ್. ಒಂದು ಲೋಟ ಅಕ್ಕಿ ಒಂಬತ್ತು ಲೋಟ ನೀರಿನಲ್ಲಿ ಬೆಂದರೆ ಎಷ್ಟು ಜನಕ್ಕಾದರೂ ಹಂಚಬಹುದಲ್ಲ.

ಜೂನ್ 25 ಅಂತಾರಾಷ್ಟ್ರೀಯ ನಾವಿಕರ ದಿನ. ಆ ದಿನವನ್ನು ಆಚರಿಸಬೇಕೆಂದು ಗೊತ್ತುವಳಿ ಆದದ್ದು 2010ರಲ್ಲಿ, ಮನಿಲಾದಲ್ಲೇ ಸೇರಿದ ಸಮ್ಮೇಳನದಲ್ಲಿ. ನಿಮ್ಮ ಕಟ್ಟಡದಲ್ಲಿ, ನಿಮ್ಮ ಬಂಧುಗಳಲ್ಲಿ ಹಡಗಿನಲ್ಲಿರುವವರು ಯಾರಾದರೂ ಇದ್ದರೆ ಅವರ ಮನೆಗೆ ಅಂದು ಒಂದು ಫೋನು ಮಾಡಿ.

ನಮ್ಮ ಮನೆಯಲ್ಲಿ ಈಗ ಎರಡು ಗಂಜಿಯೂ ನಡೆಯುತ್ತದೆ. ಅತ್ತೆಯ ಶ್ರಾದ್ಧ ಬರುವುದು ಜುಲೈ ತಿಂಗಳ ಆಸುಪಾಸಿನಲ್ಲಿ. ಶ್ರಾದ್ಧದ ದಿನ ರಾತ್ರಿ ಶುಂಠಿ, ಉಪ್ಪಿನ ಸಾದಾ ಲುಗಾವ್ ಮಾಡುತ್ತೇನೆ. ಮರುದಿನ ಅದರ ಮೇಲೆ ನಾಲ್ಕು ಸಿಗಡಿ ಇಡುತ್ತೇನೆ. ನಮ್ಮವರು ಬಟ್ಟಲಿನ ಚಿತ್ರ ತೆಗೆದು ಸೆಬುವಿಗೆ ಕಳುಹಿಸುತ್ತಾರೆ. ಕುಚಲಕ್ಕಿ ಗಂಜಿಯನ್ನೂ ಈಗ ಅವರು ಪೂರ್ತಿ ಉಣ್ಣುತ್ತಾರೆ. ಅದು ಮತ್ತೆ ಗಂಟಲಲ್ಲಿ ಇಳಿಯಲು ಒಂದು ವರ್ಷ ಬೇಕಾಯಿತು. ಅವಸರ ಮಾಡಲಿಲ್ಲ, ಗಂಜಿ ಅವಸರದ ಅಡುಗೆಯಲ್ಲ.

ನೀವೂ ಮಾಡಿ ನೋಡಿ. ಮೊದಲ ಸಲ ಕೆಟ್ಟರೆ ಬೇಸರ ಬೇಡ, ನನ್ನದು ಮೂರು ಸಲ ಕೆಟ್ಟಿದೆ. ಹೇಗಾಯಿತೆಂದು ಕಾರ್ಯಕ್ರಮಕ್ಕೆ ಬರೆದು ತಿಳಿಸಿ.